ಮಾತಿನ ಸರದಿ, ಮಿದುಳಿನ ಮುನ್ನೂಹೆ ಮತ್ತು ಕನ್ನಡದ ವಾಕ್ಯಾಂತ್ಯ: ವಯಸ್ಕರ ಸಂವಹನದ ಒಂದು ವಿವೇಚನೆ

ಸಾರಾಂಶ

ಸಂಭಾಷಣೆಯಲ್ಲಿ ಒಬ್ಬರ ಮಾತು ಮುಗಿದು ಇನ್ನೊಬ್ಬರ ಮಾತು ಆರಂಭವಾಗುವುದರ ನಡುವಿನ ಅಂತರ ಸರಾಸರಿ 200 ಮಿಲಿಸೆಕೆಂಡುಗಳಷ್ಟಿದೆ. ಒಂದೇ ಒಂದು ಪದವನ್ನು ಯೋಚಿಸಿ ಉಚ್ಚರಿಸಲು ಮಿದುಳಿಗೆ ಇದರ ಮೂರರಷ್ಟು ಕಾಲ ಬೇಕು. ಆದುದರಿಂದ ಕೇಳುಗರು ಮಾತನ್ನು ಆಲಿಸುತ್ತಿರುವಾಗಲೇ ಅದರ ಮುಂದಿನ ಭಾಗವನ್ನು ಊಹಿಸಿ ಉತ್ತರವನ್ನು ಸಿದ್ಧಪಡಿಸುತ್ತಿರುತ್ತಾರೆ. ಈ ಸಂಗತಿಯು ಕನ್ನಡದಂತಹ ಕ್ರಿಯಾಪದಾಂತ್ಯ ಭಾಷೆಗೆ ಒಡ್ಡುವ ಪ್ರಶ್ನೆಗಳನ್ನು ಈ ಲೇಖನ ಪರಿಶೀಲಿಸುತ್ತದೆ. ಕನ್ನಡ ವಾಕ್ಯದಲ್ಲಿ ಘಟನೆಯ ಸ್ವರೂಪವನ್ನು ಮೊದಲೇ ಊಹಿಸಬಹುದು. ಆದರೆ ನಿಷೇಧ, ವಿಧಿ, ಪ್ರಶ್ನೆ ಮತ್ತು ಉದ್ಧರಣೆ ಬಹುಮಟ್ಟಿಗೆ ಕೊನೆಗೆ ಉಳಿಯುತ್ತವೆ. ವ್ಯಾಕರಣದ ದೃಷ್ಟಿಯಿಂದ ಐಚ್ಛಿಕವೆನಿಸುವ ಕೆಲವು ಪದಗಳು ಕೇಳುಗರ ಕಾಲದ ದೃಷ್ಟಿಯಿಂದ ಅಗತ್ಯ ಕಾರ್ಯವನ್ನು ನಿರ್ವಹಿಸುತ್ತವೆ ಎಂಬುದು ಇಲ್ಲಿನ ಮುಖ್ಯ ಪ್ರತಿಪಾದನೆ.

ಕೀಲಿಪದಗಳು: ಮಾತಿನ ಸರದಿ, ಮುನ್ನೂಹೆ, ಎನ್400, ಮೌನ, ಕ್ರಿಯಾಪದಾಂತ್ಯ ಭಾಷೆ, ನಿಷೇಧ

1. ಪೀಠಿಕೆ

ಮಿದುಳು ವಿಜ್ಞಾನದ ನೆರವಿನಿಂದ ಸಂವಹನವನ್ನು ಉತ್ತಮಪಡಿಸಿಕೊಳ್ಳಬಹುದೆಂಬ ಮಾತು ಈಚೆಗೆ ತರಬೇತಿ ಶಿಬಿರಗಳಲ್ಲಿಯೂ ಜನಪ್ರಿಯ ಪುಸ್ತಕಗಳಲ್ಲಿಯೂ ಹೇರಳವಾಗಿ ಕೇಳಿಬರುತ್ತಿದೆ. ಅಲ್ಲಿ ಪದೇ ಪದೇ ದೊರೆಯುವ ಸಲಹೆಯೊಂದಿದೆ: ಎದುರಿನವರ ಮಾತು ಪೂರ್ತಿ ಮುಗಿಯುವವರೆಗೆ ಉತ್ತರದ ಬಗ್ಗೆ ಯೋಚಿಸಬಾರದು; ಮೊದಲು ಆಲಿಸಿ, ಆಮೇಲೆ ಯೋಚಿಸಿ, ಅನಂತರ ಮಾತನಾಡಬೇಕು. ಸಲಹೆಯ ಹಿಂದಿನ ಆಶಯ ಒಳ್ಳೆಯದೇ. ಆದರೆ ಆಲಿಸುವಿಕೆ ಮತ್ತು ಮಾತಿನ ಸಿದ್ಧತೆಯನ್ನು ಮಿದುಳು ಹೀಗೆ ಒಂದರ ನಂತರ ಒಂದಾಗಿ ನಡೆಸುವುದಿಲ್ಲ ಎಂಬುದನ್ನು ಕಳೆದ ಎರಡು ದಶಕಗಳ ಅಧ್ಯಯನಗಳು ತೋರಿಸಿವೆ.

ಈ ಅಧ್ಯಯನಗಳ ಸಾರವನ್ನು ವಿವರಿಸಿ, ಅದು ಕನ್ನಡದ ವಾಕ್ಯರಚನೆಯೊಂದಿಗೆ ಎಲ್ಲಿ ಸಂಧಿಸುತ್ತದೆ ಎಂಬುದನ್ನು ಗುರುತಿಸುವುದು ಪ್ರಸ್ತುತ ಲೇಖನದ ಉದ್ದೇಶ. ಇದು ಕೇವಲ ಸೈದ್ಧಾಂತಿಕ ಕುತೂಹಲದ ವಿಷಯವಲ್ಲ. ವೈದ್ಯರು ರೋಗಿಗೆ ಹೇಳುವ ಸೂಚನೆ, ಮೌಖಿಕ ಪರೀಕ್ಷೆಯಲ್ಲಿ ಪರೀಕ್ಷಕರು ಕೇಳುವ ಪ್ರಶ್ನೆ, ನ್ಯಾಯಾಲಯದಲ್ಲಿ ಸಾಕ್ಷಿಯ ಉತ್ತರ ಮೊದಲಾದೆಡೆ ಅರ್ಧ ಸೆಕೆಂಡಿನ ವ್ಯತ್ಯಾಸವೂ ಒಬ್ಬ ವ್ಯಕ್ತಿಯ ಬಗೆಗಿನ ತೀರ್ಮಾನವನ್ನು ಬದಲಿಸಬಲ್ಲದು. ಇಲ್ಲಿ ಕೊಟ್ಟಿರುವ ಕನ್ನಡ ವಾಕ್ಯಗಳೆಲ್ಲ ವಿವರಣೆಗಾಗಿ ರಚಿಸಿದವು.

2. ಇನ್ನೂರು ಮಿಲಿಸೆಕೆಂಡುಗಳ ಸಮಸ್ಯೆ

ಸಂಭಾಷಣೆಯು ಸರದಿಗಳಿಂದ ಕೂಡಿದ್ದು, ಸರದಿಯ ಹಂಚಿಕೆಗೆ ಖಚಿತವಾದ ನಿಯಮಗಳಿವೆ ಎಂಬುದನ್ನು ಹಾರ್ವೆ ಸ್ಯಾಕ್ಸ್, ಇಮ್ಯಾನುಯೆಲ್ ಶೆಗ್ಲಾಫ್ ಮತ್ತು ಗೇಲ್ ಜೆಫರ್ಸನ್ 1974ರಲ್ಲಿ ಪ್ರತಿಪಾದಿಸಿದರು. ಇಬ್ಬರು ಒಟ್ಟಿಗೆ ಮಾತನಾಡುವ ಪ್ರಸಂಗಗಳು ಸಾಮಾನ್ಯವಾದರೂ ಅಲ್ಪಕಾಲಿಕವೆಂಬುದೂ, ಸರದಿಗಳ ನಡುವೆ ದೀರ್ಘ ಅಂತರ ಉಳಿಯುವ ಪ್ರಸಂಗಗಳು ವಿರಳವೆಂಬುದೂ ಅವರ ಮುಖ್ಯ ಅವಲೋಕನಗಳಲ್ಲಿ ಸೇರಿವೆ. ಟಾನ್ಯಾ ಸ್ಟಿವರ್ಸ್ ಮತ್ತು ಸಂಗಡಿಗರು 2009ರಲ್ಲಿ ಹತ್ತು ಭಾಷೆಗಳ ಸಹಜ ಸಂಭಾಷಣೆಗಳಲ್ಲಿ ಹೌದು-ಅಲ್ಲ ಮಾದರಿಯ ಪ್ರಶ್ನೆಗಳಿಗೆ ಬಂದ ಪ್ರತಿಕ್ರಿಯೆಗಳ ಕಾಲವನ್ನು ಅಳೆದರು. ಒಟ್ಟು ಸರಾಸರಿ ಸುಮಾರು 208 ಮಿಲಿಸೆಕೆಂಡುಗಳು. ಹತ್ತರಲ್ಲಿ ಅತ್ಯಂತ ನಿಧಾನವಾದ ಡೇನಿಶ್ ಭಾಷೆಯಲ್ಲಿ ಸರಾಸರಿ 469, ಅತ್ಯಂತ ವೇಗದ ಜಪಾನಿ ಭಾಷೆಯಲ್ಲಿ ಕೇವಲ 7 ಮಿಲಿಸೆಕೆಂಡು. ಭಾಷೆಯಿಂದ ಭಾಷೆಗೆ ವ್ಯತ್ಯಾಸವಿದ್ದರೂ ಎಲ್ಲವೂ ಅರ್ಧ ಸೆಕೆಂಡಿನ ಒಳಗೇ ಉಳಿಯುತ್ತವೆ. ಈ ಹತ್ತರಲ್ಲಿ ಭಾರತದ ಯಾವ ಭಾಷೆಯೂ ಇಲ್ಲ ಎಂಬುದನ್ನು ಇಲ್ಲಿಯೇ ಗಮನಿಸಬೇಕು.

ಇನ್ನೊಂದೆಡೆ, ಚಿತ್ರವೊಂದನ್ನು ನೋಡಿ ಅದರ ಹೆಸರನ್ನು ಹೇಳಲು ಬೇಕಾಗುವ ಕಾಲ ಸುಮಾರು 600 ಮಿಲಿಸೆಕೆಂಡುಗಳೆಂದು ಪೀಟರ್ ಇಂಡೆಫ್ರೇ ಮತ್ತು ವಿಲೆಮ್ ಲೆವೆಲ್ಟ್ 2004ರ ತಮ್ಮ ಸಮೀಕ್ಷೆಯಲ್ಲಿ ಲೆಕ್ಕ ಹಾಕಿದ್ದಾರೆ. ಪರಿಕಲ್ಪನೆಯನ್ನು ಆರಿಸುವುದು, ಅದಕ್ಕೆ ತಕ್ಕ ಪದವನ್ನು ಹುಡುಕುವುದು, ಪದದ ಧ್ವನಿರೂಪವನ್ನು ಜೋಡಿಸುವುದು, ಉಚ್ಚಾರಣಾಂಗಗಳಿಗೆ ಆದೇಶ ಕಳುಹಿಸುವುದು ಇವೆಲ್ಲ ಆ ಅವಧಿಯೊಳಗೆ ಸೇರಿವೆ. ಪೂರ್ಣ ವಾಕ್ಯಕ್ಕೆ ಇನ್ನೂ ಹೆಚ್ಚಿನ ಕಾಲ ಬೇಕು.

ಎರಡು ಸಂಖ್ಯೆಗಳನ್ನು ಅಕ್ಕಪಕ್ಕದಲ್ಲಿಟ್ಟಾಗ ಸಮಸ್ಯೆ ಸ್ಪಷ್ಟವಾಗುತ್ತದೆ. ಎದುರಿನವರ ಮಾತು ಮುಗಿದ ಮೇಲಷ್ಟೇ ಉತ್ತರವನ್ನು ಯೋಚಿಸತೊಡಗಿದರೆ ಪ್ರತಿ ಸರದಿಯ ನಡುವೆಯೂ ಕನಿಷ್ಠ ಅರ್ಧ ಸೆಕೆಂಡಿಗಿಂತ ದೀರ್ಘವಾದ ಮೌನ ಇರಬೇಕಾಗಿತ್ತು. ಹಾಗಿಲ್ಲವಾದ್ದರಿಂದ ಕೇಳುಗರು ಮಾತಿನ ಅಂತ್ಯವನ್ನು ಮುಂಚಿತವಾಗಿಯೇ ಅಂದಾಜಿಸುತ್ತಾರೆ, ಉತ್ತರದ ಸಿದ್ಧತೆಯನ್ನೂ ಮುಂಚಿತವಾಗಿಯೇ ಆರಂಭಿಸುತ್ತಾರೆ ಎಂದು ಒಪ್ಪಬೇಕಾಗುತ್ತದೆ.

3. ಕೇಳುತ್ತಲೇ ಸಿದ್ಧವಾಗುವ ಉತ್ತರ

ಈ ತರ್ಕಕ್ಕೆ ಮಿದುಳಿನಿಂದಲೇ ಸಾಕ್ಷ್ಯ ದೊರೆತದ್ದು ಇಇಜಿ ಪ್ರಯೋಗಗಳಿಂದ. ಸಾರಾ ಬೋಗೆಲ್ಸ್, ಲಿಲ್ಲಾ ಮಗ್ಯಾರಿ ಮತ್ತು ಸ್ಟೀಫನ್ ಲೆವಿನ್ಸನ್ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಡಚ್ ಭಾಷಿಕರಿಗೆ ರಸಪ್ರಶ್ನೆಗಳನ್ನು ಕೇಳಲಾಯಿತು. ಪ್ರತಿ ಪ್ರಶ್ನೆಗೂ ಎರಡು ರೂಪ. ಒಂದರಲ್ಲಿ ಉತ್ತರಕ್ಕೆ ಬೇಕಾದ ಸುಳಿವು ಮಧ್ಯದಲ್ಲಿಯೇ ಸಿಗುತ್ತದೆ. ಇನ್ನೊಂದರಲ್ಲಿ ಅದು ಕೊನೆಗೆ ಬರುತ್ತದೆ. ಸುಳಿವು ಎಲ್ಲಿ ಬಂದರೂ ಅದಾದ ಸುಮಾರು ಅರ್ಧ ಸೆಕೆಂಡಿನೊಳಗೆ ಮಾತಿನ ಯೋಜನೆಗೆ ಸಂಬಂಧಿಸಿದ ವಿದ್ಯುತ್ ಚಟುವಟಿಕೆ ಕಾಣಿಸಿಕೊಂಡಿತು. ಪ್ರಶ್ನೆ ಇನ್ನೂ ಕಿವಿಯ ಮೇಲೆ ಬೀಳುತ್ತಿರುವಾಗಲೇ ಮಿದುಳು ಉತ್ತರದ ಕೆಲಸಕ್ಕೆ ತೊಡಗಿತ್ತು.

ಮಾತು ಎಲ್ಲಿ ಮುಗಿಯುತ್ತದೆಂಬುದು ಕೇಳುಗರಿಗೆ ಹೇಗೆ ಗೊತ್ತಾಗುತ್ತದೆ? ಯಾನ್ ಪೀಟರ್ ಡಿ ರೂಟರ್ ಮತ್ತು ಸಂಗಡಿಗರು 2006ರಲ್ಲಿ ಡಚ್ ಸಂಭಾಷಣೆಯ ತುಣುಕುಗಳನ್ನು ಕೇಳಿಸಿ, ಸರದಿ ಮುಗಿಯುತ್ತದೆಂದು ಅನ್ನಿಸಿದ ಕ್ಷಣದಲ್ಲಿ ಗುಂಡಿ ಒತ್ತುವಂತೆ ಸೂಚಿಸಿದರು. ಸ್ವರದ ಏರಿಳಿತವನ್ನು ತೆಗೆದುಹಾಕಿದಾಗ ಊಹೆ ಕೆಡಲಿಲ್ಲ. ಏರಿಳಿತವನ್ನು ಉಳಿಸಿ ಪದಗಳನ್ನು ಅಸ್ಪಷ್ಟಗೊಳಿಸಿದಾಗ ಕೆಟ್ಟಿತು. ಅಂತ್ಯವನ್ನು ಅಂದಾಜಿಸಲು ಪದ ಮತ್ತು ವಾಕ್ಯರಚನೆಗಳೇ ಮುಖ್ಯ ಆಧಾರವೆಂದು ಅವರು ತೀರ್ಮಾನಿಸಿದರು. ಹೀಗಾಗಿ ವಾಕ್ಯರಚನೆಯಲ್ಲಿ ಭಿನ್ನವಾದ ಭಾಷೆಗಳು ಕೇಳುಗರಿಗೆ ಒದಗಿಸುವ ಆಧಾರವೂ ಭಿನ್ನವಾಗಿರಬೇಕು.

4. ಮೌನಕ್ಕೆ ಬರುವ ಅರ್ಥ

ಸಾಮಾನ್ಯ ಅಂತರ ಇಷ್ಟು ಚಿಕ್ಕದಾಗಿರುವುದರಿಂದಲೇ ಅದಕ್ಕಿಂತ ದೀರ್ಘವಾದ ಅಂತರ ಅರ್ಥಪೂರ್ಣವಾಗುತ್ತದೆ. ಆಹ್ವಾನ, ಕೋರಿಕೆ ಮೊದಲಾದವುಗಳಿಗೆ ಒಪ್ಪಿಗೆಯ ಉತ್ತರ ಬೇಗನೆ, ನಿರಾಕರಣೆ ತಡವಾಗಿ ಬರುತ್ತದೆಂಬುದು ಸಂಭಾಷಣಾ ವಿಶ್ಲೇಷಣೆಯಲ್ಲಿ ಹಳೆಯ ತಿಳಿವಳಿಕೆ. ಕೇಳುಗರ ಮಿದುಳು ಈ ತಿಳಿವಳಿಕೆಯನ್ನು ಆ ಕ್ಷಣದಲ್ಲಿಯೇ ಬಳಸಿಕೊಳ್ಳುತ್ತದೆಯೆ ಎಂಬುದು ಮಾತ್ರ ಪ್ರಯೋಗದಿಂದಷ್ಟೇ ತಿಳಿಯಬಹುದಾದ ಸಂಗತಿಯಾಗಿತ್ತು.

ಇದಕ್ಕೆ ನೆರವಾದದ್ದು ಎನ್400 ಎಂಬ ಸಂಕೇತ. ಮಾರ್ಟಾ ಕೂಟಾಸ್ ಮತ್ತು ಸ್ಟೀವನ್ ಹಿಲ್ಯಾರ್ಡ್ 1980ರಲ್ಲಿ ಗುರುತಿಸಿದ ಈ ಋಣಾತ್ಮಕ ವಿದ್ಯುತ್ ಅಲೆಯು ಪದವೊಂದು ಎದುರಾದ ಸುಮಾರು 400 ಮಿಲಿಸೆಕೆಂಡುಗಳ ಬಳಿಕ ಉತ್ತುಂಗಕ್ಕೇರುತ್ತದೆ. ಆ ಪದ ಸಂದರ್ಭಕ್ಕೆ ಎಷ್ಟು ಅನಿರೀಕ್ಷಿತವೋ ಅಲೆ ಅಷ್ಟು ದೊಡ್ಡದು. ಬೋಗೆಲ್ಸ್, ಕೋಬಿನ್ ಕೆಂಡ್ರಿಕ್ ಮತ್ತು ಲೆವಿನ್ಸನ್ 2015ರ ಇನ್ನೊಂದು ಅಧ್ಯಯನದಲ್ಲಿ ಡಚ್ ಸಂಭಾಷಣೆಗಳನ್ನು ಕೇಳಿಸಿ, ಉತ್ತರದ ಮುಂಚಿನ ಮೌನವನ್ನು 300 ಅಥವಾ 1000 ಮಿಲಿಸೆಕೆಂಡುಗಳಿಗೆ ಹೊಂದಿಸಿದರು. ಚಿಕ್ಕ ಮೌನದ ನಂತರ ಬಂದ ‘ಇಲ್ಲ’ ಎಂಬ ಉತ್ತರವು ‘ಹೌದು’ ಎಂಬುದಕ್ಕಿಂತ ದೊಡ್ಡ ಎನ್400 ಅಲೆಯನ್ನು ಎಬ್ಬಿಸಿತು. ದೀರ್ಘ ಮೌನದ ನಂತರ ಈ ವ್ಯತ್ಯಾಸ ಕಾಣಲಿಲ್ಲ. ಒಂದು ಸೆಕೆಂಡಿನ ಮೌನ ನಿರಾಕರಣೆಯ ಅನಿರೀಕ್ಷಿತತೆಯನ್ನು ಅಳಿಸಿಹಾಕಿತ್ತು.

‘ಮೌನಂ ಸಮ್ಮತಿ ಲಕ್ಷಣಂ’ ಎಂಬ ನಮ್ಮ ಪರಿಚಿತ ನುಡಿಗೆ ಇದು ವಿರುದ್ಧವಾಗಿ ಕಾಣಬಹುದು. ವಾಸ್ತವದಲ್ಲಿ ಎರಡೂ ಬೇರೆ ಬೇರೆ ಮೌನಗಳ ಕುರಿತಾದವು. ಆ ನುಡಿಯು ಉತ್ತರವೇ ಬಾರದ ಸ್ಥಿತಿಯನ್ನು ಕುರಿತದ್ದು. ಪ್ರಯೋಗವು ಉತ್ತರ ಬರುವ ಮುಂಚಿನ ವಿಳಂಬವನ್ನು ಕುರಿತದ್ದು. ಮೊದಲನೆಯದು ಸಾಮಾಜಿಕ ಒಪ್ಪಂದದಿಂದ ಅರ್ಥ ಪಡೆಯುತ್ತದೆ. ಎರಡನೆಯದು ನಮಗೆ ಅರಿವಾಗುವ ಮುನ್ನವೇ ನಮ್ಮ ನಿರೀಕ್ಷೆಯನ್ನು ತಿದ್ದುತ್ತದೆ.

ತೊಡಕು ಇರುವುದು ಇಲ್ಲಿಯೇ. ವಿಳಂಬಕ್ಕೆ ಮನಸ್ಸಿಲ್ಲದಿರುವುದೊಂದೇ ಕಾರಣವಲ್ಲ. ಎರಡನೆಯ ಭಾಷೆಯಲ್ಲಿ ಪದವನ್ನು ಹುಡುಕಲು ಹೆಚ್ಚು ಕಾಲ ಬೇಕು. ವಯಸ್ಸಾದಂತೆ ಪದಗಳ ನೆನಪು ನಿಧಾನವಾಗುತ್ತದೆ. ಶ್ರವಣದೋಷವುಳ್ಳವರು ಕೇಳಿದ್ದನ್ನು ಕೂಡಿಸಿಕೊಳ್ಳಲು, ಪಾರ್ಶ್ವವಾಯುವಿನ ನಂತರ ವಾಕ್‌ಸ್ತಂಭನಕ್ಕೆ ಒಳಗಾದವರು ಗೊತ್ತಿರುವ ಮಾತನ್ನೇ ಹೊರತರಲು ಶ್ರಮಿಸುತ್ತಾರೆ. ಯಂತ್ರವೂ ವಿಳಂಬವನ್ನು ತಂದೊಡ್ಡಬಲ್ಲದು: ಜೂಲಿ ಬೋಲಂಡ್ ಮತ್ತು ಸಂಗಡಿಗರ ಅಧ್ಯಯನದಲ್ಲಿ ಮುಖಾಮುಖಿ ಸಂಭಾಷಣೆಯ ಸರದಿ ಅಂತರ ಸರಾಸರಿ 135 ಮಿಲಿಸೆಕೆಂಡುಗಳಿದ್ದರೆ, ಜೂಮ್ ಮೂಲಕ ನಡೆದ ಸಂಭಾಷಣೆಯಲ್ಲಿ ಅದು 487ಕ್ಕೆ ಏರಿತು. ಈ ಎಲ್ಲ ಸಂದರ್ಭಗಳಲ್ಲಿಯೂ ಕೇಳುಗರ ಮಿದುಳಿಗೆ ತಲುಪುವುದು ಒಂದೇ ಬಗೆಯ ಮೌನ. ಅದರ ಹಿಂದಿರುವುದು ಹಿಂಜರಿಕೆಯೋ, ಅಜ್ಞಾನವೋ, ಅನುವಾದದ ಶ್ರಮವೋ ಎಂಬುದು ಮೌನದಲ್ಲಿ ಬರೆದಿರುವುದಿಲ್ಲ.

5. ಕನ್ನಡದ ವಾಕ್ಯಾಂತ್ಯ

ಕ್ರಿಯಾಪದ ಕೊನೆಗೆ ಬರುವ ಭಾಷೆಗಳಲ್ಲಿ ಕೇಳುಗರು ಅಲ್ಲಿಯವರೆಗೆ ಸುಮ್ಮನೆ ಕಾಯುತ್ತಾರೆಂದು ಭಾವಿಸುವಂತಿಲ್ಲ. ಯೂಕಿ ಕಮಿದೆ, ಜೆರ್ರಿ ಆಲ್ಟ್‌ಮನ್ ಮತ್ತು ಸಾರಾ ಹೇವುಡ್ 2003ರಲ್ಲಿ ವರದಿ ಮಾಡಿದ ನೇತ್ರಚಲನೆಯ ಪ್ರಯೋಗದಲ್ಲಿ ಜಪಾನಿ ಕೇಳುಗರು ಕ್ರಿಯಾಪದ ಬರುವ ಮುನ್ನವೇ, ನಾಮಪದಗಳ ವಿಭಕ್ತಿಗಳನ್ನಷ್ಟೇ ಆಧರಿಸಿ, ಮುಂದೆ ಬರಲಿರುವ ವಸ್ತುವಿನ ಚಿತ್ರದತ್ತ ನೋಡತೊಡಗಿದರು. ಹತ್ತು ಭಾಷೆಗಳ ಅಧ್ಯಯನದಲ್ಲಿ ಅತ್ಯಂತ ವೇಗದ ಪ್ರತಿಕ್ರಿಯೆ ಕಂಡದ್ದು ಕೂಡ ಕ್ರಿಯಾಪದಾಂತ್ಯವಾದ ಜಪಾನಿ ಭಾಷೆಯಲ್ಲಿಯೇ ಎಂಬುದನ್ನು ನೆನೆಯಬಹುದು.

ಕನ್ನಡದ ವಿಭಕ್ತಿಗಳಿಗೂ ಇಂತಹ ಸಾಮರ್ಥ್ಯವಿದೆ. ಮೌಖಿಕ ಪರೀಕ್ಷೆಯೊಂದರಲ್ಲಿ ಪರೀಕ್ಷಕರು ಹೀಗೆ ಆರಂಭಿಸುತ್ತಾರೆಂದು ಭಾವಿಸೋಣ:

(1) ನನಗೆ ನಿಮ್ಮ ಮೂರನೆಯ ಅಧ್ಯಾಯದ ವಾದ…

‘ನನಗೆ’ ಎಂಬ ಚತುರ್ಥಿ ರೂಪ ಕೇಳಿದೊಡನೆ ಮುಂದೆ ಬರುವುದು ಅನುಭವಸೂಚಕ ಆಖ್ಯಾತವಾಗಿರುವ ಸಂಭವ ಹೆಚ್ಚುತ್ತದೆ: ಇಷ್ಟವಾಗು, ಅರ್ಥವಾಗು, ಒಪ್ಪಿಗೆಯಾಗು. ಆದರೆ ಅದು ‘ಒಪ್ಪಿಗೆಯಾಯಿತು’ ಎಂದೋ ‘ಒಪ್ಪಿಗೆಯಾಗಲಿಲ್ಲ’ ಎಂದೋ ಅಥವಾ ‘ಒಪ್ಪಿಗೆಯಾಗಬೇಕಾದರೆ’ ಎಂದೋ ತಿಳಿಯಲು ಕೊನೆಯವರೆಗೆ ಕಾಯಲೇಬೇಕು. ಘಟನೆಯ ಬಗೆಯನ್ನು ವಿಭಕ್ತಿ ಮೊದಲೇ ಸೂಚಿಸುತ್ತದೆ. ಆ ಘಟನೆ ನಡೆಯಿತೇ ಇಲ್ಲವೇ ಎಂಬುದನ್ನು ಪ್ರತ್ಯಯವು ಕೊನೆಗೆ ತಿಳಿಸುತ್ತದೆ. ವಿದ್ಯಾರ್ಥಿಯ ಉತ್ತರ ನಿರ್ಧಾರವಾಗುವುದು ಎರಡನೆಯದರಿಂದ. ಸಿದ್ಧತೆ ಆರಂಭವಾಗುವುದು ಮಾತ್ರ ಮೊದಲನೆಯದರಿಂದ.

ಇದರ ಪರಿಣಾಮ ಇನ್ನೂ ಗಂಭೀರವಾಗುವುದು ವಿಧಿ-ನಿಷೇಧಗಳಲ್ಲಿ:

(2) ಈ ಮಾತ್ರೆಯನ್ನು ರಾತ್ರಿ ಊಟಕ್ಕೆ ಮೊದಲು ತೆಗೆದುಕೊಳ್ಳಬೇಕು / ತೆಗೆದುಕೊಳ್ಳಬೇಡಿ / ತೆಗೆದುಕೊಳ್ಳಬಹುದು / ತೆಗೆದುಕೊಳ್ಳಬಾರದು.

ನಾಲ್ಕು ವಾಕ್ಯಗಳೂ ಕೊನೆಯ ಎರಡು-ಮೂರು ಅಕ್ಷರಗಳವರೆಗೆ ಒಂದೇ. ನಾಲ್ಕೂ ಸಹಾಯಕ ರೂಪಗಳು ಬಕಾರದಿಂದಲೇ ಆರಂಭವಾಗುತ್ತವೆ. ‘ಬೇಕು’ ಮತ್ತು ‘ಬೇಡಿ’ ಎಂಬ ಪರಸ್ಪರ ವಿರುದ್ಧ ಆದೇಶಗಳು ಮೊದಲ ಅಕ್ಷರವನ್ನೂ ಹಂಚಿಕೊಳ್ಳುತ್ತವೆ. ಮಾತ್ರೆಯೆಂದರೆ ತೆಗೆದುಕೊಳ್ಳಬೇಕಾದದ್ದು ಎಂಬುದು ರೋಗಿಯ ಸಹಜ ನಿರೀಕ್ಷೆ. ಆ ನಿರೀಕ್ಷೆಯ ಬಲದಿಂದ ರೋಗಿ ವಾಕ್ಯ ಮುಗಿಯುವ ಮುನ್ನವೇ ‘ಹೂಂ, ಸರಿ ಡಾಕ್ಟ್ರೇ’ ಎಂದರೆ ಆ ಹೂಂಕಾರವು ಅರ್ಥವನ್ನು ನಿರ್ಣಯಿಸುವ ಅಕ್ಷರದ ಮೇಲೆಯೇ ಬೀಳುತ್ತದೆ. ವೈದ್ಯರಿಗೆ ಅದು ತಿಳಿವಳಿಕೆಯ ಗುರುತಾಗಿ ಕೇಳಿಸುತ್ತದೆ. ವಾಸ್ತವದಲ್ಲಿ ರೋಗಿ ಒಪ್ಪಿಕೊಂಡದ್ದು ತನ್ನ ಮುನ್ನೂಹೆಯನ್ನು.

ಉದ್ಧರಣೆಯಲ್ಲಿಯೂ ಇದೇ ಸ್ಥಿತಿ:

(3) ಜ್ವರ ಇಳಿದ ಮೇಲೆ ಮಾತ್ರೆ ನಿಲ್ಲಿಸಬಹುದು ಎಂದು ಕೆಲವರು ತಿಳಿದಿರುತ್ತಾರೆ.

‘ಎಂದು’ ಎಂಬುದು ಬರುವವರೆಗೆ ಇದು ವೈದ್ಯರದೇ ಸಲಹೆ. ಅದು ಬಂದ ಮೇಲೆ ಕೇಳುಗರು ಹಿಂದಿರುಗಿ ಇಡೀ ವಾಕ್ಯದ ಒಡೆತನವನ್ನು ಬದಲಿಸಬೇಕಾಗುತ್ತದೆ.

ಆದರೆ ಕನ್ನಡವು ಕೇಳುಗರನ್ನು ಕೈಬಿಟ್ಟಿಲ್ಲ. ಕೊನೆಗೆ ಬರಬೇಕಾದ ಅರ್ಥವನ್ನು ಮುಂಚಿತವಾಗಿ ಸೂಚಿಸುವ ಸಾಧನಗಳು ಭಾಷೆಯಲ್ಲಿಯೇ ಇವೆ:

(4) ಯಾವ ಕಾರಣಕ್ಕೂ ಈ ಮಾತ್ರೆಯನ್ನು ಊಟಕ್ಕೆ ಮೊದಲು ತೆಗೆದುಕೊಳ್ಳಬೇಡಿ.
(5) ಒಂದು ವೇಳೆ ಜ್ವರ ಮತ್ತೆ ಬಂದರೆ ಕೂಡಲೇ ತಿಳಿಸಿ.
(6) ಕೆಲವರು ಏನು ತಿಳಿದಿರುತ್ತಾರೆಂದರೆ, ಜ್ವರ ಇಳಿದ ಮೇಲೆ ಮಾತ್ರೆ ನಿಲ್ಲಿಸಬಹುದು ಎಂದು.

(4)ರಲ್ಲಿ ನಿಷೇಧವನ್ನು ‘ಬೇಡಿ’ ಎಂಬುದೇ ಪೂರ್ಣವಾಗಿ ಹೇಳುತ್ತದೆ. ‘ಯಾವ ಕಾರಣಕ್ಕೂ’ ಕೇವಲ ಒತ್ತಿಗಾಗಿ ಬಂದಂತೆ ತೋರುತ್ತದೆ. (5)ರಲ್ಲಿ ‘-ರೆ’ ಪ್ರತ್ಯಯವೇ ಷರತ್ತನ್ನು ಸೂಚಿಸುವುದರಿಂದ ‘ಒಂದು ವೇಳೆ’ ಎಂಬುದನ್ನು ಬಿಟ್ಟರೂ ಅರ್ಥ ಕೆಡದು. ವಾಕ್ಯವನ್ನು ಮುದ್ರಿತ ಪುಟದ ಮೇಲಿನ ವಸ್ತುವಾಗಿ ನೋಡುವ ವಿವರಣೆಗೆ ಇವು ಐಚ್ಛಿಕ. ವಾಕ್ಯವನ್ನು ಕಾಲದಲ್ಲಿ ಬಿಚ್ಚಿಕೊಳ್ಳುವ ಘಟನೆಯಾಗಿ ನೋಡಿದರೆ ಇವುಗಳ ಕಾರ್ಯ ಬೇರೆಯೇ: ಕೇಳುಗರ ಮುನ್ನೂಹೆ ತಪ್ಪು ದಾರಿ ಹಿಡಿಯುವ ಮುನ್ನವೇ ಇವು ದಾರಿ ತೋರಿಸುತ್ತವೆ. ತಾರ್ಕಿಕವಾಗಿ ಪುನರುಕ್ತಿಯಾದದ್ದು ಕಾಲದ ಲೆಕ್ಕದಲ್ಲಿ ಪುನರುಕ್ತಿಯಲ್ಲ.

6. ವಯಸ್ಕರ ಸಂವಹನಕ್ಕೆ ಅನ್ವಯ

ಮೇಲಿನ ವಿವೇಚನೆಯಿಂದ ನಾಲ್ಕು ಸೂಚನೆಗಳನ್ನು ಪಡೆಯಬಹುದು.

ಮೊದಲನೆಯದಾಗಿ, ಮುನ್ನೂಹೆಯನ್ನು ನಿಲ್ಲಿಸುವುದು ಸಾಧ್ಯವಿಲ್ಲ. ಅದರ ಫಲಿತಾಂಶವನ್ನು ಪರೀಕ್ಷಿಸುವುದು ಸಾಧ್ಯ. ‘ತಿಳಿಯಿತೇ?’ ಎಂಬ ಪ್ರಶ್ನೆಗೆ ಬರುವ ‘ಹೂಂ’ ಏನನ್ನೂ ದೃಢಪಡಿಸುವುದಿಲ್ಲ. ‘ಮಾತ್ರೆಯನ್ನು ಯಾವಾಗ ತೆಗೆದುಕೊಳ್ಳುತ್ತೀರಿ, ನೀವೇ ಒಮ್ಮೆ ಹೇಳಿ’ ಎಂದು ಕೇಳಿದಾಗ ಮಾತ್ರ ಕೇಳಿದ್ದು ಮತ್ತು ಊಹಿಸಿದ್ದು ಬೇರ್ಪಡುತ್ತವೆ.

ಎರಡನೆಯದಾಗಿ, ಕೇಳುಗರ ನಿರೀಕ್ಷೆಗೆ ವಿರುದ್ಧವಾದದ್ದನ್ನು ಹೇಳುವಾಗ (4)ರಿಂದ (6)ರವರೆಗಿನ ಸಾಧನಗಳನ್ನು ಬಳಸುವುದು ಸೂಕ್ತ. ನಿರೀಕ್ಷೆಗೆ ಅನುಗುಣವಾದ ವಾಕ್ಯದಲ್ಲಿ ಅವುಗಳ ಅಗತ್ಯ ಅಷ್ಟಾಗಿ ಇಲ್ಲ.

ಮೂರನೆಯದಾಗಿ, ವಿಳಂಬ ಅನಿವಾರ್ಯವಾದಲ್ಲಿ ಅದರ ಕಾರಣವನ್ನು ಮಾತಿನಲ್ಲಿಯೇ ಸೂಚಿಸಬಹುದು. ಮಾರ್ಟಿನ್ ಕೋರ್ಲಿ, ಲೂಸಿ ಮ್ಯಾಕ್‌ಗ್ರೆಗರ್ ಮತ್ತು ಡೇವಿಡ್ ಡೊನಾಲ್ಡ್‌ಸನ್ 2007ರಲ್ಲಿ ತೋರಿಸಿದಂತೆ, ಇಂಗ್ಲಿಷ್ ವಾಕ್ಯದಲ್ಲಿ ಅನಿರೀಕ್ಷಿತ ಪದದ ಮುಂಚೆ ತಡವರಿಕೆಯ ಧ್ವನಿಯೊಂದು ಬಂದರೆ ಆ ಪದ ಎಬ್ಬಿಸುವ ಎನ್400 ಪರಿಣಾಮ ಕುಗ್ಗುತ್ತದೆ. ಕನ್ನಡದಲ್ಲಿ ಉತ್ತರಿಸುವವರು ಬಳಸುವ ‘ಅದೂ…’, ‘ಅಂದರೆ…’, ‘ಯೋಚಿಸಿ ಹೇಳುತ್ತೇನೆ’ ಎಂಬಂತಹ ನುಡಿಗಳೂ ಸರದಿಯನ್ನು ಕಾಯ್ದಿರಿಸಿ, ಖಾಲಿ ಮೌನಕ್ಕೆ ಬರುವ ಅರ್ಥವನ್ನು ತಡೆಯುತ್ತವೆಂದು ಭಾವಿಸಲು ಆಧಾರವಿದೆ. ಇವನ್ನು ಭಾಷಣಕಲೆಯ ದೋಷಗಳೆಂದು ತಿದ್ದುವ ತರಬೇತಿಯನ್ನು ಮರುಪರಿಶೀಲಿಸಬೇಕು.

ನಾಲ್ಕನೆಯದು, ತೀರ್ಪು ನೀಡುವ ಸ್ಥಾನದಲ್ಲಿರುವವರಿಗೆ ಸಂಬಂಧಿಸಿದ್ದು. ಕನ್ನಡ ಮಾಧ್ಯಮದಲ್ಲಿ ಓದಿದ ಅಭ್ಯರ್ಥಿ ಇಂಗ್ಲಿಷಿನ ಸಂದರ್ಶನದಲ್ಲಿ ಉತ್ತರಿಸುವ ಮುನ್ನ ತೆಗೆದುಕೊಳ್ಳುವ ಒಂದು ಸೆಕೆಂಡು ಜ್ಞಾನದ ಕೊರತೆಯಾಗಿ ದಾಖಲಾಗುವ ಅಪಾಯವಿದೆ. ಅಂತಹ ಭಾವನೆ ನಮ್ಮಲ್ಲಿ ಮೂಡುವುದನ್ನು ತಡೆಯಲಾಗದು. ಅದಕ್ಕೆ ಅಂಕ ಕೊಡುವುದನ್ನು ತಡೆಯಬಹುದು. ಉತ್ತರದ ಸತ್ವವನ್ನು ಅದರ ವೇಗದಿಂದ ಬೇರ್ಪಡಿಸಿ ಅಂಕ ನೀಡುವ ಕ್ರಮ, ಪ್ರಶ್ನೆಯನ್ನು ಮುಂಚಿತವಾಗಿ ಲಿಖಿತ ರೂಪದಲ್ಲಿ ಒದಗಿಸುವ ಕ್ರಮ ಇವು ಸಾಧ್ಯವಾದ ಪರಿಹಾರಗಳು.

7. ಮಿತಿಗಳು

ಇಇಜಿ ಪ್ರಯೋಗಗಳ ಫಲಿತಾಂಶವು ಹಲವು ವ್ಯಕ್ತಿಗಳ, ಹಲವು ವಾಕ್ಯಗಳ ಸರಾಸರಿ. ಒಂದು ನಿರ್ದಿಷ್ಟ ಕ್ಷಣದಲ್ಲಿ ಒಬ್ಬ ನಿರ್ದಿಷ್ಟ ಕೇಳುಗರ ಮನಸ್ಸಿನಲ್ಲಿ ಏನಿದೆ ಎಂಬುದನ್ನು ಅವು ಹೇಳಲಾರವು. ಎನ್400 ಅಲೆಯು ಅನಿರೀಕ್ಷಿತತೆಗೆ ಸ್ಪಂದಿಸುತ್ತದೆ ಎಂಬುದರಿಂದ, ಆ ಅಲೆ ಕಂಡಲ್ಲೆಲ್ಲ ಅಸಮ್ಮತಿ ಇದೆ ಎಂದು ಹಿಮ್ಮುಖವಾಗಿ ತೀರ್ಮಾನಿಸುವುದು ತರ್ಕದೋಷ. ಇಲ್ಲಿ ಆಧರಿಸಿದ ಇಇಜಿ ಅಧ್ಯಯನಗಳು ಡಚ್ ಮತ್ತು ಇಂಗ್ಲಿಷ್ ಭಾಷೆಗಳವು. ಕನ್ನಡದ ಕುರಿತ ಐದನೆಯ ವಿಭಾಗದ ಮಾತುಗಳು ವಾಕ್ಯರಚನೆಯಿಂದ ಹೊರಡುವ ಪರೀಕ್ಷಾರ್ಹ ಊಹೆಗಳು.

ಅವುಗಳನ್ನು ಪರೀಕ್ಷಿಸುವ ಬಗೆಯೂ ಸ್ಪಷ್ಟವಾಗಿದೆ. ಸಹಜ ಕನ್ನಡ ಸಂಭಾಷಣೆಯನ್ನು ಧ್ವನಿಮುದ್ರಿಸಿ, ಹೂಂಗುಟ್ಟುವಿಕೆಯು ಸಹಾಯಕ ಕ್ರಿಯಾಪದದ ಮುಂಚೆ, ಮೇಲೆ ಅಥವಾ ನಂತರ ಎಲ್ಲಿ ಬೀಳುತ್ತದೆಂದು ಅಳೆಯಬೇಕು. ‘ಯಾವ ಕಾರಣಕ್ಕೂ’ ಇರುವ ಮತ್ತು ಇಲ್ಲದ ವಾಕ್ಯಗಳಲ್ಲಿ ‘ಬೇಡಿ’ ಎಂಬುದಕ್ಕೆ ದೊರೆಯುವ ಎನ್400 ಪ್ರತಿಕ್ರಿಯೆಯನ್ನು ಹೋಲಿಸಬೇಕು. ಮೇಲಿನ ವಾದ ಸರಿಯಾಗಿದ್ದರೆ ಮೊದಲನೆಯದರಲ್ಲಿ ಅಲೆ ಚಿಕ್ಕದಾಗಿರಬೇಕು. ಪ್ರಾದೇಶಿಕ ಉಪಭಾಷೆಗಳಲ್ಲಿ ಹಾಗೂ ವಯೋಮಾನಗಳಲ್ಲಿ ಈ ಅಂತರ ಹೇಗೆ ಬದಲಾಗುತ್ತದೆಂಬುದೂ ಸಂಶೋಧನಾರ್ಥಿಗಳಿಗೆ ತೆರೆದಿರುವ ಕ್ಷೇತ್ರ.

8. ಉಪಸಂಹಾರ

ಸಂವಹನದಲ್ಲಿ ಮಿದುಳು ವಿಜ್ಞಾನದಿಂದ ದೊರೆಯುವ ತಿಳಿವು ಹೊಸ ಮಾತಿನ ಚಾತುರ್ಯವಲ್ಲ. ಆಲಿಸುವಿಕೆಯು ಊಹೆಯಿಂದ ಕೂಡಿದ ಕ್ರಿಯೆಯೆಂದೂ, ಆ ಊಹೆಗೆ ಒದಗುವ ಕಾಲ ಬಹಳ ಕಡಿಮೆಯೆಂದೂ ಅದು ತೋರಿಸುತ್ತದೆ. ಅದರ ಮುಂದಿನ ಹೆಜ್ಜೆ ಭಾಷಾವಿಜ್ಞಾನಕ್ಕೆ ಸೇರಿದ್ದು: ಯಾವ ಭಾಷೆಯಲ್ಲಿ ಯಾವ ಅರ್ಥ ಯಾವ ಕ್ಷಣದಲ್ಲಿ ಕೇಳುಗರ ಕೈಗೆ ಸಿಗುತ್ತದೆಂದು ಗುರುತಿಸುವುದು. ಕನ್ನಡದಲ್ಲಿ ‘ಬೇಕು’ ಮತ್ತು ‘ಬೇಡಿ’ಗಳ ನಡುವಿನ ಅಂತರ ಒಂದು ಅಕ್ಷರದ್ದು, ಅದೂ ವಾಕ್ಯದ ಕಟ್ಟಕಡೆಯ ಅಕ್ಷರದ್ದು. ಆ ಅಕ್ಷರ ಕೇಳುಗರನ್ನು ತಲುಪಿತೇ ಎಂದು ವಿಚಾರಿಸಿಕೊಳ್ಳುವ ಹೊಣೆ ಮಾತನಾಡುವವರಿಗೂ, ಅದನ್ನು ಅಳೆದು ತೋರಿಸುವ ಹೊಣೆ ನಮ್ಮ ಅಧ್ಯಯನಕ್ಷೇತ್ರಕ್ಕೂ ಸೇರಿದೆ.